ಸಣ್ಣ ಜನರೇಟರ್: ತಾಳವಾಡಿ ಬೆಟ್ಟಸೀಮೆಯಲ್ಲಿ ಹೊರಾಂಗಣ ಬಳಕೆ ಮತ್ತು ಸುರಕ್ಷತೆ

ಒಬ್ಬಿಬ್ಬರು ಎತ್ತಿ ಸಾಗಿಸಬಹುದಾದ, ಪೆಟ್ರೋಲ್, ಸೀಮೆಎಣ್ಣೆ ಅಥವಾ ಡೀಸೆಲ್ಲಿನಿಂದ ಓಡುವ, ಸಾಮಾನ್ಯವಾಗಿ 5 ಕೆವಿಎಗಿಂತ ಕಡಿಮೆ ಸಾಮರ್ಥ್ಯದ ವಿದ್ಯುತ್ ಉತ್ಪಾದಕ ಯಂತ್ರವನ್ನು ಸಣ್ಣ ಜನರೇಟರ್ ಎನ್ನುತ್ತಾರೆ. ಕರೆಂಟು ಹೋದಾಗ ಮನೆ, ಅಂಗಡಿ, ಮದುವೆ ಚಪ್ಪರ, ಜಾತ್ರೆ, ತೋಟಗಳಲ್ಲಿ ಇದು ಬಳಕೆಯಾಗುತ್ತದೆ. ಈ ಯಂತ್ರದಿಂದ ಆಗುವ ಸಾವುಗಳಿಗೆ ಮುಖ್ಯ ಕಾರಣಗಳು ಮೂರು: ಹೊಗೆಯಲ್ಲಿರುವ ವಿಷಾನಿಲ, ತಪ್ಪಾಗಿ ಜೋಡಿಸಿದ ತಂತಿ, ಬಿಸಿ ಯಂತ್ರಕ್ಕೆ ಸುರಿದ ಇಂಧನ. ಯಂತ್ರವನ್ನು ಎಲ್ಲಿ ಇಡುತ್ತೇವೆ, ಅದರಿಂದ ಹೊರಟ ತಂತಿ ಎಲ್ಲಿಗೆ ಹೋಗುತ್ತದೆ ಎಂಬೆರಡನ್ನು ಸರಿಮಾಡಿಕೊಂಡರೆ ಅಪಾಯದ ಬಹುಪಾಲು ಅಲ್ಲಿಗೇ ಕಳೆಯುತ್ತದೆ.

ಸೀಮೆ ಮತ್ತು ಕರೆಂಟು

ತಾಳವಾಡಿ ತಮಿಳುನಾಡಿನ ಈರೋಡ್ ಜಿಲ್ಲೆಯ ವಾಯವ್ಯ ಅಂಚಿನ ತಾಲ್ಲೂಕು. ಚಾಮರಾಜನಗರ ಜಿಲ್ಲೆಗೆ ತಾಗಿಕೊಂಡ ಈ ಪ್ರಸ್ಥಭೂಮಿಯಲ್ಲಿ ಕನ್ನಡವೇ ಮನೆಮಾತು. ಡಾ. ರಾಜ್‌ಕುಮಾರ್ ಅವರ ದೊಡ್ಡ ಗಾಜನೂರು, ದೀಪಾವಳಿಯ ಸಗಣಿ ಎರಚಾಟದ ಗೊರೆಹಬ್ಬಕ್ಕೆ ಹೆಸರಾದ ಗುಮಟಾಪುರ ಇಲ್ಲಿಯವೇ. ಕೆಳಗಿನ ಸತ್ಯಮಂಗಲದಿಂದ ಬರುವವರು ಬಣ್ಣಾರಿ ದಾಟಿ ದಿಂಬಂ ಘಾಟಿಯ 27 ಕಡಿದಾದ ತಿರುವುಗಳನ್ನು ಹತ್ತಬೇಕು. ಸುತ್ತಲೂ 2013ರಲ್ಲಿ ಘೋಷಣೆಯಾದ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಕಾಡಿದೆ. ಕಾಡಿನ ಅಂಚಿನಲ್ಲಿ ಸೋಲಿಗರ ಹಾಡಿಗಳಿವೆ.

ಕಾಡಿನ ನಡುವೆ ಹಾದುಬರುವ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಹೋಗುತ್ತದೆ. ಮುಂಗಾರಿಗೆ ಮುಂಚಿನ ಗುಡುಗುಮಳೆ, ಆಷಾಢದ ಗಾಳಿ, ಐಪಸಿ ಕಾರ್ತಿಕದ (ಅಕ್ಟೋಬರ್‌ನಿಂದ ಡಿಸೆಂಬರ್) ಹಿಂಗಾರು ಇವೆಲ್ಲವೂ ಮರ ಉರುಳಿಸುವ ಕಾಲ. ರಾತ್ರಿ ಆನೆ ಓಡಾಡುವ ದಾರಿಯಲ್ಲಿ ಕಂಬದಿಂದ ಕಂಬಕ್ಕೆ ನಡೆದು ದೋಷ ಹುಡುಕುವುದು ಇಲ್ಲಿಯವರು ಇಂದಿಗೂ 'ಇ.ಬಿ.' ಎಂದೇ ಕರೆಯುವ ವಿದ್ಯುತ್ ಮಂಡಳಿಯ ಲೈನ್‌ಮ್ಯಾನ್‌ಗಳಿಗೆ ಸುಲಭದ ಮಾತಲ್ಲ. ಹಾಗಾಗಿ ಇಂಥ ಊರುಗಳಲ್ಲಿ ಜನರೇಟರ್ ಬೇಕೇ ಬೇಕು ಎನಿಸುವ ಸಂದರ್ಭಗಳು ಬರುತ್ತವೆ. ಈ ಲೇಖನ ಅದನ್ನು ಬಿಡಿ ಎಂದು ಹೇಳುವುದಕ್ಕಲ್ಲ.

ಕನ್ನಡ ನಾಡಿಗೆ ವಿದ್ಯುತ್ ಮೊದಲೇ ಬಂದಿತ್ತು. 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಹುಟ್ಟಿದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿಯಿತು, 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆದರೆ ಬೆಟ್ಟದೂರುಗಳ ಮದುವೆ, ಹರಕೆ, ನಾಟಕಗಳು ಬಹುಕಾಲ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲೇ ನಡೆದವು. ಜಪಾನಿನ ಹೋಂಡಾ ಕಂಪನಿ ಇ300 ಎಂಬ ಕೈಯಲ್ಲಿ ಒಯ್ಯುವ ಜನರೇಟರನ್ನು 1965ರಲ್ಲಿ ಮಾರುಕಟ್ಟೆಗೆ ತಂದಿತು. ಭಾರತದಲ್ಲಿ 1980ರ ದಶಕದ ನಂತರ ಶ್ರೀರಾಮ್ ಹೋಂಡಾ, ಬಿರ್ಲಾ ಯಮಹಾ ಹೆಸರಿನ ಸಣ್ಣ ಯಂತ್ರಗಳು ಅಂಗಡಿ ಮುಂಗಟ್ಟುಗಳಲ್ಲಿ ಕಾಣತೊಡಗಿದವು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಮಾದರಿಗಳು ಆಗ ಹೆಚ್ಚು. 2008ರಿಂದ ಕೆಲವು ವರ್ಷ ತಮಿಳುನಾಡನ್ನು ಕಾಡಿದ ವಿದ್ಯುತ್ ಕೊರತೆ, ಅದರಲ್ಲೂ 2012ರ ಸುಮಾರಿನ ದೀರ್ಘ ಕಡಿತ, ಜನರೇಟರನ್ನು ಸಣ್ಣ ವ್ಯಾಪಾರಿಗಳವರೆಗೂ ತಲುಪಿಸಿತು.

ಯಂತ್ರ

ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವೇ ಇದರದ್ದೂ: ಕಾಂತಕ್ಷೇತ್ರದಲ್ಲಿ ಸುರುಳಿ ತಿರುಗಿದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಒಂದೇ ಸಿಲಿಂಡರಿನ ಎಂಜಿನ್ ಎರಡು ಧ್ರುವಗಳ ಆಲ್ಟರ್ನೇಟರನ್ನು ನಿಮಿಷಕ್ಕೆ 3000 ಸುತ್ತು ತಿರುಗಿಸಿದಾಗ ನಮ್ಮ ಮನೆಗಳ 50 ಹರ್ಟ್ಸ್, 230 ವೋಲ್ಟಿನ ಕರೆಂಟು ಬರುತ್ತದೆ. ಎಂಜಿನ್ ವೇಗ ಇಳಿದರೆ ಬಲ್ಬು ಮಿಣುಕುತ್ತದೆ, ಏರಿದರೆ ಉಪಕರಣ ಸುಡುತ್ತದೆ. ಮೆಕ್ಯಾನಿಕ್ ಅಲ್ಲದವರು ವೇಗದ ಸ್ಕ್ರೂ ತಿರುಗಿಸಬಾರದು ಎನ್ನುವುದು ಇದಕ್ಕೇ. ಈಚಿನ ಇನ್ವರ್ಟರ್ ಮಾದರಿಗಳು ಲೋಡಿಗೆ ತಕ್ಕಂತೆ ವೇಗ ತಗ್ಗಿಸಿಕೊಂಡೂ ಸ್ಥಿರವಾದ ಕರೆಂಟು ಕೊಡುತ್ತವೆ. ಅವು ದುಬಾರಿ, ಸದ್ದು ಕಡಿಮೆ.

ಹೊಗೆ

ಎಂಜಿನ್ನಿನಲ್ಲಿ ಇಂಧನ ಪೂರ್ತಿ ಉರಿಯುವುದಿಲ್ಲ. ಅರೆಬರೆ ಉರಿದದ್ದರಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೆಚ್ಚು ಕಡಿಮೆ ಗಾಳಿಯಷ್ಟೇ ತೂಕವಿರುವುದರಿಂದ ನೆಲಕ್ಕೆ ಇಳಿಯದೆ, ಸೂರಿಗೆ ಏರದೆ, ಕೋಣೆಯ ತುಂಬ ಬೆರೆತುಕೊಳ್ಳುತ್ತದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ರಿಂದ 250 ಪಟ್ಟು ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಉಸಿರು ಆಡುತ್ತಲೇ ಇರುತ್ತದೆ, ಆದರೆ ಮಿದುಳಿಗೂ ಹೃದಯಕ್ಕೂ ಆಮ್ಲಜನಕ ಮುಟ್ಟುವುದಿಲ್ಲ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಲೆಕ್ಕದಂತೆ ಆ ದೇಶವೊಂದರಲ್ಲೇ ಸಣ್ಣ ಜನರೇಟರ್‌ಗಳ ಈ ಅನಿಲದಿಂದ ವರ್ಷಕ್ಕೆ ನೂರರ ಹತ್ತಿರ ಜನ ಸಾಯುತ್ತಾರೆ.

ನಮ್ಮ ನೆರೆಯಲ್ಲೇ ಆದದ್ದೊಂದಿದೆ. 2024ರ ಡಿಸೆಂಬರಿನಲ್ಲಿ ಕೇರಳದ ಕೋಳಿಕ್ಕೋಡು ಜಿಲ್ಲೆಯ ವಡಗರದಲ್ಲಿ ರಸ್ತೆಬದಿ ನಿಲ್ಲಿಸಿದ್ದ ಕ್ಯಾರವಾನ್ ವಾಹನದೊಳಗೆ ಇಬ್ಬರು ಸತ್ತಿದ್ದರು. ವಾಹನದ ಜನರೇಟರಿನಿಂದ ಹೊರಟ ಕಾರ್ಬನ್ ಮಾನಾಕ್ಸೈಡ್ ತಳದ ತೂತಿನ ಮೂಲಕ ಒಳಗೆ ನುಗ್ಗಿತ್ತೆಂದು ಕೋಳಿಕ್ಕೋಡಿನ ಎನ್‌ಐಟಿಯ ತಜ್ಞರು ಕಂಡುಕೊಂಡರು. ವಾಹನ ನಿಂತಿದ್ದದ್ದು ಬಯಲಲ್ಲಿ. ಸುತ್ತ ಬೇಕಾದಷ್ಟು ಗಾಳಿಯಿದ್ದರೂ ಒಳಗಿದ್ದವರ ಜಾಗಕ್ಕೆ ಹೊಗೆಯ ದಾರಿ ತೆರೆದಿತ್ತು.

ಆದ್ದರಿಂದ 'ಜನರೇಟರನ್ನು ಹೊರಗಿಡಿ' ಎಂಬ ಮಾತನ್ನು ನಮ್ಮ ಮನೆಗಳ ಕಟ್ಟಿನೊಂದಿಗೆ ಹೊಂದಿಸಿ ನೋಡಬೇಕು. ಜಗಲಿಯಲ್ಲಿಟ್ಟರೆ ಹೊರಗಿಟ್ಟಂತಾಗಲಿಲ್ಲ, ಏಕೆಂದರೆ ತಲಬಾಗಿಲು ಅಲ್ಲೇ ತೆರೆದಿರುತ್ತದೆ ಮತ್ತು ಹೆಂಚಿನ ಸಂದಿಯಲ್ಲಿ ಹೊಗೆ ಒಳಗಿಳಿಯುತ್ತದೆ. ಮನೆಗೆ ಅಂಟಿಕೊಂಡ ಕೊಟ್ಟಿಗೆ, ಶೀಟಿನ ಇಳಿಜಾರು ಮಾಡು, ಅರ್ಧ ಷಟರ್ ಎಳೆದ ಅಂಗಡಿ, ಬದಿಗೆ ಬಟ್ಟೆ ಇಳಿಬಿಟ್ಟ ಶಾಮಿಯಾನದ ಹಿಂಭಾಗ, ಎರಡು ಗೋಡೆಗಳ ನಡುವಿನ ಓಣಿ ಇವೂ ಸಲ್ಲವು. ಯಂತ್ರ ಮನೆಯಿಂದ ಕನಿಷ್ಠ 20 ಅಡಿ, ಅಂದರೆ ಸುಮಾರು 6 ಮೀಟರ್ ದೂರ ಇರಬೇಕು. ಸೈಲೆನ್ಸರಿನ ಬಾಯಿ ಮನೆಗೆ ಬೆನ್ನು ಹಾಕಿರಬೇಕು, ಗಾಳಿ ಮನೆಯ ಕಡೆಯಿಂದ ಯಂತ್ರದ ಕಡೆಗೆ ಬೀಸುತ್ತಿರಬೇಕು. ಗಾಳಿ ದಿಕ್ಕು ಬದಲಿಸಿದರೆ ಯಂತ್ರದ ಜಾಗವನ್ನೂ ಬದಲಿಸಬೇಕು. ಆ ಕಡೆಯ ಕಿಟಕಿಗಳನ್ನು ಮುಚ್ಚಿಡಬೇಕು. ಕಿಟಕಿ ತೆರೆದು ಫ್ಯಾನ್ ಹಾಕಿದರೆ ಸಾಕು ಎಂಬ ನಂಬಿಕೆ ತಪ್ಪು, ಒಳಗೆ ತುಂಬಿದ ಅನಿಲ ಅಷ್ಟರಿಂದ ಹೋಗುವುದಿಲ್ಲ.

ಬೆಟ್ಟದ ಚಳಿ ಈ ಅಪಾಯವನ್ನು ಹೆಚ್ಚಿಸುತ್ತದೆ. ಮಾರ್ಗಳಿ ತಿಂಗಳ (ಡಿಸೆಂಬರ್-ಜನವರಿ) ರಾತ್ರಿ ಹಾಸನೂರು, ತಲಮಲೆಯಂಥ ಬೆಟ್ಟದೂರುಗಳ ಕಡೆ ಎಲ್ಲರೂ ಬಾಗಿಲು ಕಿಟಕಿ ಬಿಗಿದು ಮಲಗುತ್ತಾರೆ. ಯಂತ್ರ ಕದ್ದುಹೋಗದಿರಲಿ, ಆನೆ ಬಂದರೆ ಹೊರಗೆ ಹೋಗುವಂತಾಗದಿರಲಿ ಎಂದು ಅದನ್ನು ಗೋಡೆಯ ಬಳಿಗೆ ಎಳೆದುಕೊಳ್ಳುವ ಆಸೆ ಸಹಜ. ಆ ಎರಡಕ್ಕೂ ಬೇರೆ ದಾರಿಯಿದೆ: ಯಂತ್ರಕ್ಕೆ ಸರಪಳಿ ಹಾಕಿ ಬೀಗ ಹಾಕಬಹುದು, ಮಲಗುವ ಹೊತ್ತಿಗೆ ಆರಿಸಬಹುದು, ರಾತ್ರಿಯ ಒಂದೆರಡು ದೀಪಗಳಿಗೆ ಬ್ಯಾಟರಿ ಸಾಕು. ಎಲ್ಲರೂ ನಿದ್ದೆಹೋದ ಮನೆಯ ಹತ್ತಿರ ಜನರೇಟರ್ ಓಡಬಾರದು ಎಂಬುದನ್ನು ಮುರಿಯದ ನಿಯಮವಾಗಿ ಇಟ್ಟುಕೊಳ್ಳುವುದು ಒಳ್ಳೆಯದು.

ಬಾವಿಯ ವಿಷಯ ಇನ್ನೂ ಗಂಭೀರ. ನೀರು ಕೆಳಗಿಳಿದಾಗ ಪೆಟ್ರೋಲ್ ಪಂಪನ್ನೋ ಜನರೇಟರನ್ನೋ ಬಾವಿಯ ಅಟ್ಟಣೆಗೆ ಇಳಿಸಿ ಓಡಿಸುವುದುಂಟು. ಬಾವಿಯೊಳಗೆ ಗಾಳಿಯಾಡದು. ಕೆಲವೇ ನಿಮಿಷಗಳಲ್ಲಿ ಕೆಳಗಿದ್ದವರು ಕುಸಿಯುತ್ತಾರೆ, ಅವರನ್ನು ಎತ್ತಲು ಇಳಿದವರೂ ಹಾಗೆಯೇ ಕುಸಿಯುತ್ತಾರೆ. ಯಂತ್ರ ಮೇಲೆಯೇ, ಬಾವಿಯ ಬಾಯಿಂದ ದೂರದಲ್ಲಿರಬೇಕು, ಕೆಳಗಿಳಿಯುವುದು ವಿದ್ಯುತ್ ಮೋಟರಿನ ತಂತಿ ಮಾತ್ರ. ಒಬ್ಬರು ಕೆಳಗೆ ಬಿದ್ದರೆ ಅಗ್ನಿಶಾಮಕ ದಳ ಬರುವವರೆಗೆ ಯಾರೂ ಹಾಗೆಯೇ ಇಳಿಯಬಾರದು.

ವಿಷ ಏರುತ್ತಿರುವ ಗುರುತುಗಳು ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲುವುದು, ಗೊಂದಲ. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೇ ತಲೆನೋವು ಬಂದರೆ ಊಟದ ಮೇಲೆ ಅನುಮಾನ ಪಡುವ ಮೊದಲು ಎಲ್ಲರನ್ನೂ ಬಯಲಿಗೆ ಕರೆದೊಯ್ದು ಯಂತ್ರ ನಿಲ್ಲಿಸಬೇಕು. ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನು ಇಲ್ಲಿ ನಂಬಬಾರದು. ಕಾರ್ಬನ್ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕ ಹೊತ್ತದ್ದೆಂದೇ ಎಣಿಸಿ 98, 99 ಎಂದು ತೋರಿಸಬಲ್ಲದು. ಸಾದಾ ಗಾಳಿಯಲ್ಲಿ ರಕ್ತದ ಈ ವಿಷ ಅರ್ಧಕ್ಕಿಳಿಯಲು ನಾಲ್ಕರಿಂದ ಆರು ಗಂಟೆ ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಒಂದರಿಂದ ಒಂದೂವರೆ ಗಂಟೆ. ಆದ್ದರಿಂದ 108ಕ್ಕೆ ಕರೆಮಾಡುವಾಗಲೇ 'ಜನರೇಟರ್ ಹೊಗೆ' ಎಂದು ಹೇಳಬೇಕು, ಆಂಬ್ಯುಲೆನ್ಸಿನಲ್ಲೇ ಆಮ್ಲಜನಕ ಶುರುವಾಗುತ್ತದೆ. ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗುವುದಕ್ಕಿಂತ ತಾಳವಾಡಿಯಿಂದ ಚಾಮರಾಜನಗರದ ದೊಡ್ಡಾಸ್ಪತ್ರೆ ಹತ್ತಿರ ಎಂಬುದನ್ನು ಹೊಸಬರು ತಿಳಿದಿರಬೇಕು. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಸಿಗುತ್ತದೆ. ವಸತಿಗೃಹ ನಡೆಸುವವರು ಅದನ್ನು ಪ್ರತಿ ಕೋಣೆಯಲ್ಲೂ ಇಡಬೇಕು.

ತಂತಿ

ಹೊಗೆ ಕೊಲ್ಲುವುದು ಯಂತ್ರದ ಹತ್ತಿರ ಇದ್ದವರನ್ನು. ತಪ್ಪು ಜೋಡಣೆಯ ತಂತಿ ಎಲ್ಲೋ ದೂರದಲ್ಲಿರುವ, ಈ ಮನೆಯವರನ್ನು ಕಂಡೇ ಇರದ ಲೈನ್‌ಮ್ಯಾನನ್ನೂ ಕೊಲ್ಲುತ್ತದೆ.

ಎರಡೂ ತುದಿಗೆ ಪ್ಲಗ್ ಕಟ್ಟಿದ ವೈರನ್ನು ಜನರೇಟರಿನಿಂದ ತಂದು ಗೋಡೆಯ ಸಾಕೆಟ್ಟಿಗೆ ಚುಚ್ಚಿ ಇಡೀ ಮನೆಗೆ ಕರೆಂಟು ಕೊಡುವ ಅಭ್ಯಾಸವಿದೆ. ಮೇನ್ ಸ್ವಿಚ್ ಆರಿಸಲು ಮರೆತರೆ ಆ ಕರೆಂಟು ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ. ಊರ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು 433ಕ್ಕೆ ಇಳಿಸುವಂಥದ್ದು. ಕೆಳಗಿನಿಂದ ಕರೆಂಟು ಹೊಕ್ಕರೆ ಅದೇ ಸಾಧನ ಉಲ್ಟಾ ಕೆಲಸ ಮಾಡಿ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಲೈನು ಸತ್ತಿದೆ ಎಂದುಕೊಂಡು ಕಾಡಿನ ನಡುವೆ ಹರಿದ ತಂತಿ ಜೋಡಿಸುತ್ತಿರುವವರ ಕೈಗೆ ಅದು ತಾಗುತ್ತದೆ. ಇತ್ತ ಮನೆಯಲ್ಲಿ ಆ ವೈರಿನ ಪ್ಲಗ್ ಕಳಚಿಬಂದರೆ ಅದರ ಬರಿಯ ಪಿನ್ನುಗಳಲ್ಲಿ 230 ವೋಲ್ಟು ಹರಿಯುತ್ತಿರುತ್ತದೆ, ಎತ್ತಿಕೊಳ್ಳುವುದು ಬಹುಮಟ್ಟಿಗೆ ಮಕ್ಕಳು. ಅಂಥ ವೈರು ಮನೆಯಲ್ಲಿದ್ದರೆ ಇಂದೇ ಕತ್ತರಿಸಿ ಎಸೆಯಿರಿ.

ಮನೆಯ ವೈರಿಂಗಿಗೆ ಜನರೇಟರ್ ಸೇರಿಸಲೇಬೇಕಿದ್ದರೆ ಮೀಟರ್ ಬೋರ್ಡಿನ ಬಳಿ ಚೇಂಜ್‌ಓವರ್ ಸ್ವಿಚ್ ಬೇಕು. ಅದರ ಹಿಡಿ ಒಂದು ಕಡೆಗೆ ಇದ್ದರೆ ಇ.ಬಿ. ಕರೆಂಟು, ಇನ್ನೊಂದು ಕಡೆಗೆ ಇದ್ದರೆ ಜನರೇಟರ್. ಎರಡೂ ಸೇರುವ ದಾರಿಯೇ ಇಲ್ಲದಂತೆ ಅದರ ರಚನೆಯಿದೆ. ಫೇಸನ್ನಷ್ಟೇ ಅಲ್ಲದೆ ನ್ಯೂಟ್ರಲ್ಲನ್ನೂ ಬೇರ್ಪಡಿಸುವ ಸ್ವಿಚ್ಚನ್ನೇ ಕೇಳಿ ಹಾಕಿಸಬೇಕು. ಈ ಕೆಲಸ ಲೈಸೆನ್ಸಿರುವ ಎಲೆಕ್ಟ್ರಿಷಿಯನ್ ಮಾಡಬೇಕಾದದ್ದು. ಗ್ರಾಹಕರ ಜನರೇಟರ್ ಸರಬರಾಜು ಜಾಲಕ್ಕೆ ಸೇರದಂತೆ ಪ್ರತ್ಯೇಕವಾಗಿರಬೇಕೆಂಬುದು ವಿದ್ಯುತ್ ಸುರಕ್ಷತೆಯ ನಿಯಮವೂ ಹೌದು. ಸ್ವಿಚ್ ಹಾಕಿಸುವವರೆಗೆ ಫ್ರಿಡ್ಜು, ದೀಪ, ಫ್ಯಾನುಗಳನ್ನು ಎಕ್ಸ್‌ಟೆನ್ಷನ್ ಬೋರ್ಡಿನಿಂದ ನೇರವಾಗಿ ಯಂತ್ರಕ್ಕೇ ಜೋಡಿಸುವುದು ಸರಿ.

ಅರ್ಥಿಂಗ್ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಹಲವು ಸಣ್ಣ ಜನರೇಟರ್‌ಗಳಲ್ಲಿ ಸುರುಳಿಯ ನ್ಯೂಟ್ರಲ್ ಯಂತ್ರದ ಚೌಕಟ್ಟಿಗೆ ಸೇರಿರುವುದಿಲ್ಲ. ಅಂಥ ಯಂತ್ರದ ಮುಂದೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಕಡಿಯುವ ಸ್ವಿಚ್) ಹಾಕಿಬಿಟ್ಟರೆ, ಒಬ್ಬರಿಗೆ ಶಾಕ್ ಹೊಡೆದಾಗ ಅದು ಬೀಳುತ್ತದೆಂಬ ಖಾತ್ರಿಯಿಲ್ಲ, ಏಕೆಂದರೆ ಸೋರಿದ ಕರೆಂಟು ಮರಳಲು ದಾರಿಯಿಲ್ಲ. ಯಂತ್ರದ ಕೈಪಿಡಿ ಹೇಳಿದಂತೆ ಅರ್ಥ್ ರಾಡ್ ಹೊಡೆದು, ನ್ಯೂಟ್ರಲ್ ಜೋಡಣೆಯನ್ನು ಎಲೆಕ್ಟ್ರಿಷಿಯನ್ ಪರೀಕ್ಷಿಸಿದ ಮೇಲೆಯೇ ಆರ್‌ಸಿಸಿಬಿಯನ್ನು ನೆಚ್ಚಬಹುದು. ಸುತ್ತಿಟ್ಟ ಎಕ್ಸ್‌ಟೆನ್ಷನ್ ವೈರನ್ನು ಪೂರ್ತಿ ಬಿಚ್ಚಿ ಹಾಸಬೇಕು, ಸುರುಳಿಯಲ್ಲೇ ಬಿಟ್ಟರೆ ಕಾದು ಮೇಲಿನ ರಬ್ಬರ್ ಕರಗುತ್ತದೆ. ಒದ್ದೆ ಹುಲ್ಲಿನ ಮೇಲೆ ಟೇಪು ಸುತ್ತಿದ ಜಾಯಿಂಟು ಇರಲೇಬಾರದು. ದನಕರು ಓಡಾಡುವಲ್ಲಿ, ಗಾಡಿ ಹಾಯುವಲ್ಲಿ ವೈರನ್ನು ಗಳುವಿನ ಮೇಲೆ ಎತ್ತಿಕಟ್ಟಬೇಕು. ಮಳೆಯಲ್ಲಿ ಯಂತ್ರದ ಮೇಲೆ ನಾಲ್ಕು ಕಡೆ ತೆರೆದ ತಗಡಿನ ಚಪ್ಪರ ಬೇಕು, ಟಾರ್ಪಾಲು ಹೊದಿಸಿದರೆ ಹೊಗೆಯೂ ಶಾಖವೂ ಒಳಗೇ ನಿಲ್ಲುತ್ತವೆ. ದೀಪಾವಳಿಯ ಹೊತ್ತಿಗೆ ಈ ಸೀಮೆಯಲ್ಲಿ ಹಿಂಗಾರು ಹಿಡಿದಿರುತ್ತದೆ, ಹಬ್ಬದ ಬಯಲಿನ ನೆಲ ಹಸಿಯಾಗಿಯೇ ಇರುತ್ತದೆಂದು ಎಣಿಸಿ ಸಿದ್ಧರಾಗಬೇಕು.

ಜನರೇಟರಿನ ಕರೆಂಟನ್ನು ಹೊಲದ ಬೇಲಿಗೆ ಕೊಡುವುದು ಅಪರಾಧ. ಸೋಲಾರ್ ಬೇಲಿಯ ಎನರ್ಜೈಸರ್ ಸೆಕೆಂಡಿಗೊಮ್ಮೆ, ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ ಹೊತ್ತು ಮಿಡಿಯುತ್ತದೆ. ಹಂದಿಗೂ ಆನೆಗೂ ಅದು ಹೆದರಿಕೆ ಹುಟ್ಟಿಸುತ್ತದೆ, ಕೊಲ್ಲುವುದಿಲ್ಲ. ಜನರೇಟರಿನ ಕರೆಂಟು ಎಡೆಬಿಡದೆ ಹರಿಯುತ್ತದೆ. ಮುಟ್ಟಿದ್ದು ಆನೆಯಾಗಲಿ, ನಸುಕಿನಲ್ಲಿ ಬಯಲಕಡೆಗೆ ಹೊರಟ ಪಕ್ಕದ ಹೊಲದವರಾಗಲಿ, ಬಿಡುವುದಿಲ್ಲ. ಆನೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಯ ಪ್ರಾಣಿ. ಕೋಸು, ಜೋಳ, ಬಾಳೆ ಬೆಳೆದವರ ನಷ್ಟ ನಿಜವಾದದ್ದು, ಪರಿಹಾರ ಕೇಳಬೇಕಾದದ್ದೂ ನಿಜ. ಈ ಬೇಲಿ ಮಾತ್ರ ಯಾವ ಲೆಕ್ಕದಲ್ಲೂ ಉತ್ತರವಾಗದು.

ಇಂಧನ ಮತ್ತು ಕಾಡು

ಪೆಟ್ರೋಲಿನ ಆವಿ ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗೂ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು. ಗಾಳಿಗಿಂತ ಭಾರವಾದ ಅದು ನೆಲದ ಮೇಲೆ ಹರಿದು ದೂರದ ಒಲೆಯನ್ನೂ ಮುಟ್ಟುತ್ತದೆ. ಓಡುತ್ತಿರುವ ಅಥವಾ ಆಗತಾನೆ ನಿಂತ ಯಂತ್ರಕ್ಕೆ ಇಂಧನ ಸುರಿಯಬಾರದು, ಕಾಲು ಗಂಟೆಯಾದರೂ ತಣಿಯಲು ಬಿಡಬೇಕು. ಆರತಕ್ಷತೆಯ ನಡುವೆ ದೀಪ ಹೋಗಬಾರದೆಂಬ ಅವಸರವೇ ಇಲ್ಲಿ ಅನಾಹುತಕ್ಕೆ ಕಾರಣ. ಸಮಾರಂಭಕ್ಕೆ ಮೊದಲೇ ಟ್ಯಾಂಕು ತುಂಬಿ, ಮಧ್ಯೆ ಒಮ್ಮೆ ನಿಲ್ಲಿಸುವ ಹೊತ್ತನ್ನು ಗೊತ್ತುಮಾಡಿಕೊಂಡರೆ ಅವಸರವೇ ಬಾರದು.

1934ರ ಪೆಟ್ರೋಲಿಯಂ ಕಾಯಿದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಲೈಸೆನ್ಸಿಲ್ಲದೆ 30 ಲೀಟರಿನವರೆಗೆ ಇಟ್ಟುಕೊಳ್ಳಬಹುದು. ಪಾತ್ರೆ ಗಾಜು ಅಥವಾ ಪಿಂಗಾಣಿಯದಾದರೆ ಒಂದು ಲೀಟರ್, ಲೋಹದ್ದಾದರೆ 25 ಲೀಟರ್ ಮಿತಿ. ನೀರಿನ ಪ್ಲಾಸ್ಟಿಕ್ ಬಾಟಲಿಗೆ ಅಲ್ಲಿ ಜಾಗವೇ ಇಲ್ಲ. ಘಾಟಿ ರಸ್ತೆಯ ಬಸ್ಸಿನಲ್ಲಿ ಸೀಟಿನಡಿ ಪೆಟ್ರೋಲ್ ಬಾಟಲಿ ಇಟ್ಟುಕೊಂಡು ಬರುವುದು ಎಲ್ಲರ ಜೀವದ ಜೊತೆ ಆಡುವ ಆಟ.

ಮಾಸಿಯಿಂದ ಚಿತ್ತಿರೈವರೆಗೆ (ಫೆಬ್ರುವರಿಯಿಂದ ಮೇ) ಕಾಡಿನ ಹುಲ್ಲು, ಲಂಟಾನ ಒಣಗಿ ನಿಂತಿರುತ್ತವೆ. ಸೈಲೆನ್ಸರಿನ ಶಾಖ, ಅದರಿಂದ ಹಾರುವ ಒಂದು ಕಿಡಿ ಸಾಕು. ಯಂತ್ರದ ಸುತ್ತ ತರಗೆಲೆ ಗುಡಿಸಿ ಬರಿಯ ಮಣ್ಣು ಕಾಣುವಂತೆ ಮಾಡಬೇಕು, ಒಂದು ಬಕೆಟ್ ಮರಳು ಪಕ್ಕದಲ್ಲಿರಬೇಕು. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಉರಿಯುವ ಎಣ್ಣೆ ತೇಲಿ ಹರಡುತ್ತದೆ. ಹುಲಿ ಸಂರಕ್ಷಿತ ಪ್ರದೇಶದೊಳಗಿನ ಗುಡಿಯಲ್ಲಿ ಪೂಜೆಗೆಂದು ಯಂತ್ರ ಒಯ್ಯುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು.

ಎಷ್ಟು ದೊಡ್ಡದು ಬೇಕು

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ ಶಕ್ತಿ ಕುಂದುತ್ತದೆ: ಪ್ರತಿ 300 ಮೀಟರಿಗೆ ಸುಮಾರು ನೂರಕ್ಕೆ ಮೂರೂವರೆ. ಸಾವಿರ ಮೀಟರ್ ದಾಟಿದ ದಿಂಬಂನಲ್ಲಿ ಹತ್ತನೆಯ ಒಂದು ಪಾಲಿಗೂ ಹೆಚ್ಚು ಹೋಗಿಬಿಟ್ಟಿರುತ್ತದೆ. ಒಂದು ಮದುವೆ ಮನೆಯ ಲೆಕ್ಕ ನೋಡೋಣ. 9 ವ್ಯಾಟಿನ 20 ಎಲ್‌ಇಡಿ ಬಲ್ಬು, 75 ವ್ಯಾಟಿನ ಎರಡು ಫ್ಯಾನು, 750 ವ್ಯಾಟಿನ ಮಿಕ್ಸಿ, 500 ವ್ಯಾಟಿನ ಮೈಕ್ ಸೆಟ್ಟು ಕೂಡಿಸಿದರೆ 1580 ವ್ಯಾಟ್. 0.8ರ ಪವರ್ ಫ್ಯಾಕ್ಟರಿನಲ್ಲಿ 2 ಕೆವಿಎ ಯಂತ್ರ ಕೊಡುವುದು 1600 ವ್ಯಾಟ್. ಕಾಗದದ ಮೇಲೆ ಸಾಕಾದೀತು, ಬೆಟ್ಟದ ಮೇಲೆ ಸಾಲದು. ಇಲ್ಲಿ 3 ಕೆವಿಎ ತರುವುದೇ ಸರಿ. ನೀರೆತ್ತುವ ಮೋಟರ್ ಸೇರಿಸುವುದಾದರೆ ಅದು ಸ್ಟಾರ್ಟ್ ಆಗುವಾಗ ಓಡುವ ಕರೆಂಟಿನ ಮೂರರಿಂದ ಏಳು ಪಟ್ಟು ಎಳೆಯುತ್ತದೆಂದು ನೆನಪಿಡಬೇಕು.

ಎಂಜಿನ್ ಆಯಿಲ್ ನೋಡಿ, ಸಮನೆಲದ ಮೇಲಿಟ್ಟು, ಲೋಡಿಲ್ಲದೆ ಎರಡು ಮೂರು ನಿಮಿಷ ಓಡಿಸಿ, ಆಮೇಲೆ ದೊಡ್ಡ ಉಪಕರಣದಿಂದ ಶುರುಮಾಡಿ ಒಂದೊಂದಾಗಿ ಹಾಕಬೇಕು. ನಿಲ್ಲಿಸುವಾಗ ಎಲ್ಲವನ್ನೂ ತೆಗೆದು, ಯಂತ್ರ ಸ್ವಲ್ಪ ಹೊತ್ತು ಖಾಲಿ ಓಡಿದ ಮೇಲೆ ಆರಿಸಬೇಕು. ತಿಂಗಳುಗಟ್ಟಲೆ ಮೂಲೆಯಲ್ಲಿಡುವುದಾದರೆ ಪೆಟ್ರೋಲ್ ಇಳಿಸಿಡಬೇಕು, ಇಲ್ಲವಾದರೆ ಅದು ಅಂಟಾಗಿ ಕಾರ್ಬುರೇಟರನ್ನು ಕಟ್ಟುತ್ತದೆ.

ಜಾತ್ರೆ, ತೇರು, ಮೆರವಣಿಗೆ

ಓಡುವ ಗಾಡಿಯ ಮೇಲಿನ ಜನರೇಟರ್ ಎಲ್ಲಕ್ಕಿಂತ ಅಪಾಯದ್ದು. ಮೇಲೆ ಹೇಳಿದ ದೂರ, ಅರ್ಥಿಂಗ್, ಒಣ ನೆಲ ಯಾವುದೂ ಅಲ್ಲಿ ಇರುವುದಿಲ್ಲ, ಸುತ್ತ ಜನ ಮಾತ್ರ ಒತ್ತೊತ್ತಾಗಿ ಇರುತ್ತಾರೆ. 2022 ಒಂದೇ ವರ್ಷದಲ್ಲಿ ಮೂರು ಕಡೆ ಇದರ ನೋವು ಕಂಡಿತು. ಏಪ್ರಿಲ್ 27ರ ನಸುಕಿನಲ್ಲಿ ತಂಜಾವೂರಿನ ಬಳಿಯ ಕಳಿಮೇಡು ತೇರು ಹೈಟೆನ್ಷನ್ ತಂತಿಗೆ ತಗುಲಿ 11 ಜನ ಸತ್ತರು. ತೇರಿಗೆ ಜೋಡಿಸಿದ್ದ ಜನರೇಟರ್ ತಿರುವಿನಲ್ಲಿ ಸಿಕ್ಕಿಕೊಂಡದ್ದರಿಂದ ತೇರು ವಾಲಿತೆಂದು ಅಂದಿನ ವರದಿಗಳು ಹೇಳಿದವು. ಜುಲೈ ಕೊನೆಯ ರಾತ್ರಿ ಪಶ್ಚಿಮ ಬಂಗಾಳದ ಕೂಚ್ ಬಿಹಾರ್ ಜಿಲ್ಲೆಯಲ್ಲಿ ಡಿಜೆ ಹೊತ್ತ ಪಿಕಪ್ ವ್ಯಾನಿನಲ್ಲಿ ಹೊರಟಿದ್ದ 10 ಯಾತ್ರಿಕರು ವಿದ್ಯುತ್ ತಗುಲಿ ತೀರಿಕೊಂಡರು. ಜನರೇಟರಿನ ವೈರಿಂಗೇ ಕಾರಣವಿರಬೇಕೆಂದು ಪೊಲೀಸರ ಮೊದಲ ತನಿಖೆ ಹೇಳಿತು. ಸೆಪ್ಟೆಂಬರಿನಲ್ಲಿ ಕಾಂಚೀಪುರಂ ಜಿಲ್ಲೆಯ ದೇವರ ಮೆರವಣಿಗೆಯಲ್ಲಿ ಜನರೇಟರಿನ ಪಕ್ಕ ಕುಳಿತಿದ್ದ 13 ವರ್ಷದ ಹುಡುಗಿಯ ಕೂದಲು ಯಂತ್ರಕ್ಕೆ ಸಿಕ್ಕಿ ಅವಳು ಬದುಕಲಿಲ್ಲ.

ಈ ಮೂರೂ ತಡೆಯಬಹುದಾದವು. ತಿರುಗುವ ಭಾಗಕ್ಕೆ ಜಾಲರಿ, ಯಂತ್ರದ ಗಾಡಿಯ ಮೇಲೆ ನೋಡಿಕೊಳ್ಳುವವನ ಹೊರತು ಯಾರೂ ಕೂರದಂತೆ ಕಟ್ಟುನಿಟ್ಟು, ತೇರು ಹೊರಡುವ ಮುನ್ನ ದಾರಿಯ ತಂತಿಗಳ ಎತ್ತರ ಅಳೆದು ಇ.ಬಿ.ಯವರಿಗೆ ತಿಳಿಸಿ ಲೈನು ನಿಲ್ಲಿಸಿಕೊಳ್ಳುವುದು, ಮಳೆ ಬಿದ್ದೊಡನೆ ಡಿಜೆ ಆರಿಸುವುದು ಸಾಕಿತ್ತು. ಸಾಧ್ಯವಿದ್ದಲ್ಲಿ ಮೆರವಣಿಗೆಯ ದೀಪಗಳಿಗೆ ಬ್ಯಾಟರಿಯನ್ನೇ ಬಳಸುವುದು ಇನ್ನೂ ಒಳ್ಳೆಯದು. ಎಲ್‌ಇಡಿ ಬಂದ ಮೇಲೆ ಅದಕ್ಕೆ ಹೆಚ್ಚು ಖರ್ಚಿಲ್ಲ.

ಸದ್ದು

ಪೆಟ್ರೋಲ್, ಸೀಮೆಎಣ್ಣೆ ಜನರೇಟರ್‌ಗಳ ಸದ್ದಿಗೆ ಕೇಂದ್ರದ ನಿಯಮ 2003ರ ಸೆಪ್ಟೆಂಬರಿನಿಂದ 86 ಡೆಸಿಬೆಲ್ ಮಿತಿ ಹಾಕಿದೆ. ವಸತಿ ಪ್ರದೇಶಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳಂತೆ ಹಗಲು 55, ರಾತ್ರಿ 45 ಡೆಸಿಬೆಲ್. ಪ್ರಾಣಿಗಳ ನೆಮ್ಮದಿಗಾಗಿ 2022ರ ಫೆಬ್ರುವರಿಯಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೇ ಮದ್ರಾಸ್ ಹೈಕೋರ್ಟಿನ ನಿರ್ಬಂಧವಿರುವ ಸೀಮೆ ಇದು. ಕಾಡಂಚಿನ ವಸತಿಗೃಹಗಳು ರಾತ್ರಿಯಿಡೀ ಯಂತ್ರ ಓಡಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಈ ಸೀಮೆಯಲ್ಲಿ ಮದುವೆ ಹಬ್ಬಗಳಿಗೆ ಜನರೇಟರನ್ನು ಶಾಮಿಯಾನ, ಮೈಕ್ ಸೆಟ್ಟಿನವರಿಂದ ಬಾಡಿಗೆಗೆ ತರುವುದೇ ರೂಢಿ. ಯಂತ್ರದ ಜೊತೆ ಉದ್ದನೆಯ ಗಟ್ಟಿ ಕೇಬಲ್ಲು, ಅರ್ಥ್ ರಾಡ್, ಚೇಂಜ್‌ಓವರ್ ಸ್ವಿಚ್, ಮುಗಿಯುವವರೆಗೂ ಪಕ್ಕ ಬಿಡದೆ ನೋಡಿಕೊಳ್ಳುವ ಒಬ್ಬ ಆಳು ಇವನ್ನೂ ಕೊಡುವುದು ಬಾಡಿಗೆಯವರ ಹೊಣೆ. ಕೊಡದಿದ್ದರೆ ಆ ಯಂತ್ರವನ್ನು ತರಬೇಡಿ, ಕೊಡುವವರನ್ನು ಹುಡುಕಿ.